ಸಾಹೇಬರ ಸಾಲು

2022ರ ಹತ್ತಿ ಹಂಗಾಮಿನಲ್ಲಿ ನಾನು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನ ಹೊಲಗಳಲ್ಲಿ ಕ್ರಾಸಿಂಗ್ ಮೇಸ್ತ್ರಿಯಾಗಿದ್ದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಬೀಜೋತ್ಪಾದಕ ಹೆಂಗಸರು ಸೇರಿ ಕಟ್ಟಿಕೊಂಡ ಒಕ್ಕೂಟದಲ್ಲಿ ಹೊಲದ ಪರೀಕ್ಷೆಯ ಹೊಣೆಯೂ ನನ್ನದಾಗಿತ್ತು. ಹೊಸ ಉಪಕರಣ ಬರಲಿ, ಹೊಸ ಪದ್ಧತಿ ಬರಲಿ, ಅದು ನಮ್ಮ ಹೊಲಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಹೇಳಬೇಕಾದವಳು ನಾನು. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಅದು ದೊಡ್ಡ ಹುದ್ದೆ. ಆ ಹುದ್ದೆಯಲ್ಲಿ ಕುಳಿತು ನಾನು ನನ್ನ ಸ್ವಂತ ತಂಗಿಗೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ರಾಸಿಂಗ್ ಅಂದರೆ ಏನೆಂದು ಮೊದಲು ಹೇಳಬೇಕು. ಹೈಬ್ರಿಡ್ ಹತ್ತಿ ಬೀಜ ತಾನಾಗಿ ಆಗುವುದಿಲ್ಲ. ಒಂದು ತಳಿಯ ಗಿಡವನ್ನು ಹೆಣ್ಣೆಂದೂ ಇನ್ನೊಂದನ್ನು ಗಂಡೆಂದೂ ಬೇರೆ ಬೇರೆ ಸಾಲಿನಲ್ಲಿ ಬೆಳೆಯುತ್ತೇವೆ. ಹೆಣ್ಣು ಗಿಡದಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತು ಹಿಡಿದು, ಅದರ ಬುಡದ ಸುತ್ತ ಹೆಬ್ಬೆರಳ ಉಗುರಿನಿಂದ ಗೀರಿ, ಎಸಳನ್ನೂ ಕೇಸರವನ್ನೂ ಒಟ್ಟಿಗೆ ತಿರುವಿ ಕಳಚಬೇಕು. ಒಳಗೆ ಉಳಿಯುವುದು ಮುಂದೆ ಕಾಯಿಯಾಗಬೇಕಾದ ಎಳೆಗುಂಡು. ಅದಕ್ಕೆ ಕೆಂಪು ಕಾಗದದ ಚೀಲ ತೊಡಿಸಿ ಬರುತ್ತೇವೆ. ಮರುದಿನ ಬೆಳಿಗ್ಗೆ ಚೀಲ ತೆಗೆದು, ಗಂಡು ಹೂವಿನ ಪರಾಗ ಸವರಿ, ತೊಟ್ಟಿಗೆ ದಾರ ಕಟ್ಟುತ್ತೇವೆ. ಉಗುರು ಒಂದು ಕೂದಲಷ್ಟು ಆಳಕ್ಕೆ ಹೋದರೂ ಎಳೆಗುಂಡಿಗೆ ಗಾಯವಾಗಿ ಉದುರಿ ಬೀಳುತ್ತದೆ. ಹಂಗಾಮು ಮುಗಿಯುವ ಹೊತ್ತಿಗೆ ನಮ್ಮ ಹೆಬ್ಬೆರಳ ಉಗುರು ಕಪ್ಪಾಗಿ, ಬುಡದಿಂದ ಎದ್ದು ಬರುತ್ತದೆ. ರೊಟ್ಟಿ ಮುರಿಯುವುದೂ ಕಷ್ಟ. ಈ ಬೆರಳನ್ನು ಉಳಿಸುವ ಒಂದು ಸಾಧನ ಬೇಕೆಂದು ನಾವು ಎಷ್ಟೋ ವರ್ಷದಿಂದ ಕೇಳುತ್ತಿದ್ದೆವು.

ನನ್ನ ತಂಗಿ ಸುಮಂಗಲಾ, ಮನೆಯಲ್ಲಿ ಸುಮಾ, ಒಕ್ಕೂಟದ ಶಿಗ್ಗಾಂವಿ ಕಚೇರಿಯಲ್ಲಿ ಸಂಯೋಜಕಿಯಾಗಿದ್ದಳು. ನಾನು ಹದಿಮೂರನೇ ವಯಸ್ಸಿಗೆ ಅವ್ವನ ಹಿಂದೆ ಕ್ರಾಸಿಂಗ್‌ಗೆ ಹೋದೆ. ಅವಳು ತಿಳವಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದಳು, ಹಾನಗಲ್ಲಿನಲ್ಲಿ ಪಿಯುಸಿ ಮುಗಿಸಿದಳು, ಧಾರವಾಡದಲ್ಲಿ ಕೃಷಿ ಪದವಿ ಪಡೆದಳು. ನನ್ನ ದುಡಿಮೆಯಿಂದ ಅವಳು ಓದಿದಳೆಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ ಅವಳಿಗೆ ಸಿಕ್ಕ ವಿದ್ಯಾರ್ಥಿವೇತನ. ಆ ಮಾತನ್ನು ನಾನು ಎಂದೂ ಆಡಲಿಲ್ಲ, ಅವಳೂ ತಿದ್ದಲಿಲ್ಲ.

ಅವಳು ಒಕ್ಕೂಟಕ್ಕೆ ಬಂದಾಗ ನಾನೇ ಅವಳನ್ನು ಹೊಲಕ್ಕೆ ಕರೆದೊಯ್ದು ಮೊಗ್ಗು ಗುರುತಿಸುವುದನ್ನು ಕಲಿಸಿದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅದನ್ನೇ ಅವಳು ಬಂದವರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಜನ ತಲೆದೂಗುತ್ತಿದ್ದರು. ಹೆಬ್ಬೆರಳು ನನ್ನದು, ಮಾತು ಅವಳದು. ಒಮ್ಮೆ ಪತ್ರಿಕೆಯಲ್ಲಿ ನಮ್ಮ ಕೆಲಸದ ಫೋಟೋ ಬಂತು. ಸುಮಾ ನಗುತ್ತ ನಿಂತಿದ್ದಳು, ಅವಳ ಮುಂದೆ ಒಂದು ಮೊಗ್ಗು, ಮೊಗ್ಗನ್ನು ಹಿಡಿದ ಕಪ್ಪು ಉಗುರಿನ ಒಂದು ಕೈ. ಆ ಕೈ ನನ್ನದು. ಮುಖವನ್ನು ಅವರು ಕತ್ತರಿಸಿ ಹಾಕಿದ್ದರು. ಸುಮಾ ಆ ಹಾಳೆಗೆ ಕಟ್ಟು ಹಾಕಿಸಿ ನಮ್ಮ ಮನೆಗೇ ತಂದುಕೊಟ್ಟಳು.

"ನಿನ್ನ ಕೈ ಬಂದೈತಿ ನೋಡ ಅಕ್ಕ," ಎಂದಳು.

ಅವಳಿಗೆ ಅದು ನಿಜವಾದ ಸಂತೋಷ. ನಾನು ಅದನ್ನು ಗೋಡೆಗೆ ಹಾಕಿದೆ. ಬಂದವರು "ತಂಗಿ ಭಾಳ ಚಂದ ಬಂದಾಳ" ಎನ್ನುತ್ತಿದ್ದರು.

2022ರ ಆ ವರ್ಷ ಒಕ್ಕೂಟದ ಮುಂದೆ ಒಂದು ದೊಡ್ಡ ಕೆಲಸ ಬಂತು. ಕ್ರಾಸಿಂಗ್‌ಗೆ ಬೇಕಾದ ಸಾಧನ ಮಾಡಿಸಲು ಹೊರಗಿನ ಯಾರಾದರೂ ಒಬ್ಬರನ್ನು ಪಾಲುದಾರರನ್ನಾಗಿ ಆರಿಸಿಕೊಂಡು ಅವರ ಜೊತೆ ಕೆಲವು ವರ್ಷ ಕೆಲಸ ಮಾಡಬೇಕು. ಎರಡು ಕಡೆಯವರು ಮುಂದೆ ಬಂದಿದ್ದರು. ಒಂದು, ದೊಡ್ಡ ಊರಿನ ಒಂದು ಸ್ಟಾರ್ಟಪ್ ಕೇಂದ್ರ. ಇನ್ನೊಂದು, ಸಾಂಗ್ಲಿ ಕಡೆಯ ಸಣ್ಣ ವರ್ಕ್‌ಶಾಪಿನವರು ಮತ್ತು ಪಾಲಿಟೆಕ್ನಿಕ್ ಮಾಸ್ತರರು ಕೂಡಿ ಮಾಡಿಕೊಂಡ ಗುಂಪು. ಈ ಎರಡನೆಯವರನ್ನು ಹುಡುಕಿ ತಂದವಳು ಸುಮಾ. ಬಸ್ಸು ಬದಲಿಸುತ್ತ ಎಷ್ಟೋ ಸಲ ಹೋಗಿ ಬಂದಿದ್ದಳು. ಪಾಲುದಾರರನ್ನು ತರುವ ಕೆಲಸಕ್ಕೆಂದೇ ಒಕ್ಕೂಟ ಅವಳನ್ನು ಇಟ್ಟುಕೊಂಡಿತ್ತು. ಈ ಸಂಬಂಧ ಕೂಡದಿದ್ದರೆ ಅವಳ ಹುದ್ದೆ ಉಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶಿಗ್ಗಾಂವಿಯ ಸಭೆಯಲ್ಲಿ ಅವಳು ಎದ್ದು ನಿಂತು ಇನೋವೇಶನ್ ಇಕೋಸಿಸ್ಟಮ್ ಎಂದರೆ ಏನೆಂದು ಹೇಳಿದಳು. ಹೊಸದನ್ನು ಯೋಚಿಸುವವರು, ತಯಾರಿಸುವವರು, ಬಳಸುವವರು, ಬಂಡವಾಳ ಹಾಕುವವರು ಒಬ್ಬರಿಗೊಬ್ಬರು ಆಸರೆಯಾಗಿ ಬೆಳೆಯುವ ವ್ಯವಸ್ಥೆ ಅದು. ನಮ್ಮದೂ ಅಂಥದೊಂದು, ಅವರದೂ ಅಂಥದೊಂದು. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎಂದಳು.

ಸವಣೂರಿನ ಪ್ರತಿನಿಧಿ ಮಾಬುಬಿ ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಸರಿಸಿದಳು. ಅವಳ ಮನೆಯವರದು ಎಲೆಬಳ್ಳಿ ತೋಟ, ನಾಲಗೆ ಯಾವಾಗಲೂ ಕೆಂಪು.

"ಬೀಗತನ ಅನ್ನ ಬೇ. ಇಷ್ಟ್ಯಾಕ ಸುತ್ತು ಹಾಕ್ತಿ?"

"ಹೂಂ, ಹಂಗಂತ ತಿಳೀರಿ ಮಾಬುಬಿ ಅಕ್ಕಾರ."

"ತಿಳಕೊಂಡೆ. ಹಂಗಾರ ಹುಡುಗನ್ನ ತಂದು ನಿಲ್ಲಸು. ಹಲ್ಲು ಅದಾವೋ ಇಲ್ಲೋ ನೋಡೂಣು."

ಎಲ್ಲರೂ ನಕ್ಕರು. ಕೊನೆಗೆ ಹೀಗೆ ನಿಶ್ಚಯವಾಯಿತು: ಎರಡೂ ಕಡೆಯವರು ಮೊಗ್ಗಿನ ಕಾಲದಲ್ಲಿ ಬಂದು ಹೊಲ ನೋಡಬೇಕು, ಬೇಕಾದ ಅಳತೆ ತೆಗೆದುಕೊಳ್ಳಬೇಕು. ಮುಂದಿನ ಹಂಗಾಮಿಗೆ ತಮ್ಮ ಸಾಧನ ತರಬೇಕು. ನಾಲ್ಕೂ ತಾಲ್ಲೂಕಿನ ಹೊಲಗಳಲ್ಲಿ ಪರೀಕ್ಷೆಯಾದ ಮೇಲೆ ಒಬ್ಬರನ್ನು ಆರಿಸುವುದು. ಹೊಲ ತೋರಿಸುವವಳು ನಾನು.

ಅದೇ ಸಭೆಯಲ್ಲಿ ಸುಮಾ ಸಾಂಗ್ಲಿಯವರು ಮಾಡಿಕೊಟ್ಟ ಮೊದಲ ನಮೂನೆಯನ್ನು ತೋರಿಸಿದಳು. ಹೆಬ್ಬೆರಳಿಗೆ ತೊಡುವ ಸ್ಟೀಲಿನ ಉಂಗುರ, ಅದರ ತುದಿಯಲ್ಲಿ ಉಗುರಿನ ಆಕಾರದ ಸಣ್ಣ ಅಲಗು. ಅವಳ ಬೆರಳಲ್ಲಿ ಅದು ಮಿಂಚುತ್ತಿತ್ತು. ಎಲ್ಲರೂ ತೊಟ್ಟು ನೋಡಿದರು. ನನ್ನ ಸರದಿ ಬಂದಾಗ ಉಂಗುರ ಇಳಿಯಲಿಲ್ಲ. ಇಷ್ಟು ವರ್ಷದ ಕೆಲಸದಿಂದ ನನ್ನ ಹೆಬ್ಬೆರಳು ದಪ್ಪವಾಗಿ ಸೊಟ್ಟಗಾಗಿದೆ.

"ಅಲ್ಲಿ ಅಳತಿ ಕೇಳಿದ್ರು, ನಂದ ಕೊಟ್ಟೆ. ನಿಂದು ಬ್ಯಾರೆ ಮಾಡಸ್ತೇನಿ ಬಿಡ ಅಕ್ಕ," ಎಂದಳು ಸುಮಾ.

ಒಂದು ದಿನವೂ ಹಂಗಾಮು ಮಾಡದ ಬೆರಳಿನ ಅಳತೆಯಲ್ಲಿ ಕ್ರಾಸಿಂಗ್ ಉಂಗುರ ತಯಾರಾಗಿತ್ತು. ನಾನೂ ನಗುತ್ತಲೇ ಅದನ್ನು ವಾಪಸು ಕೊಟ್ಟೆ. ಊರಿಗೆ ಬರುವ ಬಸ್ಸಿನಲ್ಲಿ ಪೂರ್ತಿ ದಾರಿ ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಬೀಜದ ಕಂಪನಿಯ ಅಧಿಕಾರಿಗಳು ಹೊಲ ನೋಡಲು ಬರುತ್ತಾರೆ. ಅವರಿಗಾಗಿ ರಸ್ತೆಯ ಬದಿಗೆ, ಬೋರ್‌ವೆಲ್ಲಿನ ಹತ್ತಿರ ಕೆಲವು ಸಾಲುಗಳನ್ನು ಬೇರೆಯಾಗಿ ಸಾಕುತ್ತೇವೆ. ಅವಕ್ಕೆ ನೀರು ಹೆಚ್ಚು, ಗೊಬ್ಬರ ಹೆಚ್ಚು, ಕೈ ಹಾಕುವವರೂ ನುರಿತವರು. ಅಲ್ಲಿ ಮೊಗ್ಗುಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ದಪ್ಪಗಿರುತ್ತವೆ. ಅದಕ್ಕೆ ನಾವು ಸಾಹೇಬರ ಸಾಲು ಎನ್ನುತ್ತೇವೆ. ಹಿಂದಕ್ಕೆ ಹಳ್ಳದ ದಂಡೆಯ ಕಡೆಗೆ ಹೋದರೆ ಗಿಡ ಮೊಣಕಾಲೆತ್ತರ, ಮೊಗ್ಗು ಒಂದು ಕಡಲೆಯಷ್ಟು, ಒಂದು ಹುಣಸೆಬೀಜದಷ್ಟು. ನಮ್ಮ ಹೊಲಗಳಲ್ಲಿ ಹೆಚ್ಚಿನ ಪಾಲು ಹಾಗೆಯೇ ಇರುತ್ತದೆ. ಸಾಹೇಬರು ಅಲ್ಲಿಯವರೆಗೆ ನಡೆಯುವುದಿಲ್ಲ, ನಾವೂ ನಡೆಸುವುದಿಲ್ಲ.

ಸ್ಟಾರ್ಟಪ್ ಕೇಂದ್ರದವರು ಹೇಳದೆ ಕೇಳದೆ ಒಂದು ದಿನ ಬಂದರು. ನಾನು ಆಗ ಹಳ್ಳದ ದಂಡೆಯ ಸಾಲಿನಲ್ಲಿದ್ದೆ. ಅವರು ಅಲ್ಲಿಗೇ ನಡೆದು ಬಂದರು, ಇರುವುದನ್ನೆಲ್ಲ ನೋಡಿದರು, ಫೋಟೋ ತೆಗೆದುಕೊಂಡರು. ಬಿಸಿಲಲ್ಲಿ ನೀರು ಕೊಟ್ಟು ಕಳಿಸಿದೆ. ಅವರ ಮೇಲೆ ನನಗೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಾಗಾಗಿ ಅವರಿಗೆ ಸತ್ಯ ಕಾಣಿಸಿತು.

ಸುಮಾಳ ಅತಿಥಿಗಳಾದ ಸಾಂಗ್ಲಿಯವರು ಬರುವ ದಿನ ನಾನು ಬೆಳಗಾಗುವ ಮೊದಲೇ ಎದ್ದು ಹೂರಣ ರುಬ್ಬಿದೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಮಾಡಿದೆ. ಮನೆಯಲ್ಲಿದ್ದ ಹೊಸ ಜಮಖಾನೆ ಹಾಸಿದೆ. ಅವರ ಹಿರಿಯರು ಭೋಸಲೆ ಮಾಸ್ತರರೆಂದು. ಮುಂಗೈ ತುಂಬ ಸುಟ್ಟ ಕಲೆಗಳಿದ್ದ, ಮರಾಠಿ ಬೆರೆತ ಕನ್ನಡ ಮಾತಾಡುವ ಸಣಕಲ ಮನುಷ್ಯ. ಸುಮಾ ಬಾಗಿಲಲ್ಲಿ ನಿಂತು ಹೋಳಿಗೆಯ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ಅಕ್ಕ, ನನ್ನ ಮಂದೀಗೆ ಇಷ್ಟು ಮಾಡ್ತಿ ಅಂತ ಅಂದ್ಕೊಂಡಿದ್ದಿಲ್ಲ," ಎಂದಳು.

ಉಂಡ ಮೇಲೆ ಅವರನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಸಾಹೇಬರ ಸಾಲಿಗೆ. ಭೋಸಲೆ ಮಾಸ್ತರರು ಕ್ಯಾಲಿಪರ್ ಹಿಡಿದು ಮೊಗ್ಗಿನ ಮೇಲೆ ಮೊಗ್ಗು ಅಳೆದರು. ಒಂದಕ್ಕೊಂದು ಹೊಂದಿಕೆಯಾಗಿ ಬಂದಂತೆ ಅವರ ಮುಖ ಅರಳಿತು. ಆದರೂ ತಲೆಯೆತ್ತಿ ಹಿಂದಿನ ಹೊಲದ ಕಡೆಗೆ ಒಮ್ಮೆ ನೋಡಿ ಕೇಳಿದರು.

"ಅಕ್ಕಾ, ಎಲ್ಲಾ ಹೊಲಾ ಹಿಂಗ ಏನ್ರಿ? ಫರಕ್ ಇಲ್ಲಾ?"

ಮಾಬುಬಿ ಆ ದಿನ ನನ್ನ ಜೊತೆಗಿದ್ದಳು. ಅವಳು ನನ್ನ ಮುಖ ನೋಡಿದಳು. ಸುಮಾ ಆಚೆ ಬದುವಿನ ಮೇಲೆ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು.

"ಎಲ್ಲಾ ಹಿಂಗ ರೀ," ಎಂದೆ ನಾನು.

ಅಷ್ಟೇ ನಾನು ಆಡಿದ ಸುಳ್ಳು. ಮರಳಿ ಬರುವಾಗ ಮಾಬುಬಿ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಅಂದಳು: "ಹಿಂದಿನ ಹೊಲಾ ತೋರಸಲಿಲ್ಲಲ್ಲ ರೇಣವ್ವಾ."

"ಬೀಗರು ಬಂದಾಗ ಹರಕ ಕೌದಿ ಯಾರಾರ ಹೊರಗ ಹಾಕ್ತಾರೇನ?"

ಅವಳು ನಕ್ಕಳು. ಅದು ನಮ್ಮಲ್ಲಿ ಎಲ್ಲರೂ ಒಪ್ಪುವ ಮಾತು. ನನ್ನ ಹೊಟ್ಟೆಕಿಚ್ಚಿಗೆ ಮರ್ಯಾದೆಯ ಸೀರೆ ಉಡಿಸಿದ್ದೆ. ಯಾರೂ ಬೆರಳು ತೋರುವಂತಿರಲಿಲ್ಲ. ಸುಮಾ ಅಂತೂ ನಾಲ್ಕು ತಾಲ್ಲೂಕಿನಲ್ಲೂ ಹೇಳಿಕೊಂಡು ಬಂದಳು, ಅಕ್ಕ ನನ್ನ ಮಂದಿಗೆ ಹೋಳಿಗೆ ಉಣಿಸಿದಳು ಎಂದು.

ಮರುವರ್ಷ ಎರಡೂ ಸಾಧನಗಳು ಬಂದವು. ಸ್ಟಾರ್ಟಪ್‌ನವರದು ಫೋನಿನಲ್ಲಿ ನಡೆಯುವ ಒಂದು ಆ್ಯಪ್. ಮೊಗ್ಗಿನ ಫೋಟೋ ತೆಗೆದರೆ ಅದು ನಾಳೆ ಅರಳುತ್ತದೋ ನಾಡಿದ್ದೋ ಎಂದು ಹೇಳುತ್ತಿತ್ತು. ನುರಿತವರಿಗೆ ಅದರ ಅಗತ್ಯವಿರಲಿಲ್ಲ, ಹೊಸಬರಿಗೆ ಅನುಕೂಲವಾಯಿತು. ಸಾಂಗ್ಲಿಯವರು ಪೆಟ್ಟಿಗೆ ತುಂಬ ಉಂಗುರ ತಂದರು. ಬೆರಳಿನ ಅಳತೆಗಳು ಬೇರೆ ಬೇರೆ ಇದ್ದವು, ನನ್ನದೂ ಇತ್ತು. ಅಲಗಿನ ಆಳ ಮಾತ್ರ ಎಲ್ಲದರಲ್ಲೂ ಒಂದೇ. ಅವರು ಅಳೆದುಕೊಂಡು ಹೋದ ದಪ್ಪ ಮೊಗ್ಗಿಗೆ ತಕ್ಕ ಆಳ.

ಮೊದಲ ದಿನ ಎಲ್ಲರೂ ಹೊಗಳಿದರು. ಬೆರಳು ನೋಯಲಿಲ್ಲ, ಕೈ ಬೇಗ ಓಡಿತು. ಆಮೇಲೆ ಹಾನಗಲ್ಲ ಕಡೆಯಿಂದ ಫೋನು ಬಂತು, ಸವಣೂರಿನಿಂದ ಬಂತು. ದಾರ ಕಟ್ಟಿದ ಎಳೆಗಾಯಿಗಳು ಉದುರುತ್ತಿದ್ದವು. ಸಣ್ಣ ಮೊಗ್ಗಿನಲ್ಲಿ ಅಲಗು ಎಳೆಗುಂಡಿನವರೆಗೂ ಇಳಿದು ಗಾಯ ಮಾಡಿತ್ತು. ಸುಮಾ ಒಂದು ಹೊಲದಿಂದ ಇನ್ನೊಂದಕ್ಕೆ ಓಡಾಡಿದಳು. ಚಿಕ್ಕೇರೂರಿಗೆ ಬಂದಾಗ ಉದುರಿದ್ದನ್ನೆಲ್ಲ ಬಗ್ಗಿ ಆರಿಸಿ ದುಪ್ಪಟ್ಟಾದಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವಳು ಬಗ್ಗಿದ್ದನ್ನು ನಾನು ಬದುವಿನ ಮೇಲೆ ನಿಂತು ನೋಡಿದೆ. ಎದೆಯೊಳಗೆ ಒಂದು ತಂಪು ಇಳಿಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಳಿದದ್ದು ತಂಪೇ.

ಶಿಗ್ಗಾಂವಿಯ ಸಭೆಯಲ್ಲಿ ನಾನು ಪರೀಕ್ಷೆಯ ವರದಿ ಹೇಳಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಉಂಗುರ ಬಳಸಿದ ಕಡೆ ಉದುರುವುದು ಹೆಚ್ಚು, ನಮ್ಮ ಹೊಲಕ್ಕೆ ಒಗ್ಗುವುದಿಲ್ಲ ಎಂದೆ. ಭೋಸಲೆ ಮಾಸ್ತರರು ತಲೆ ತಗ್ಗಿಸಿ ಕುಳಿತಿದ್ದರು. ಸುಮಾ ಎದ್ದು ನಿಂತಳು.

"ತಪ್ಪು ಅವರದಲ್ರಿ, ನಂದು. ನಮ್ಮ ಹೊಲಾ ಹೆಂಗೈತಿ ಅಂತ ನಾನು ಅವರಿಗೆ ಸರಿಯಾಗಿ ತಿಳಿಸಿಲ್ಲ."

ಆಗ ನಾನು ಎದ್ದು ನಿಲ್ಲಬಹುದಿತ್ತು. ಮಾಬುಬಿ ನನ್ನ ಕಡೆ ನೋಡುತ್ತಿದ್ದಳು. ನಾನು ಕುಳಿತಲ್ಲೇ ಕುಳಿತೆ. ಸ್ಟಾರ್ಟಪ್ ಕೇಂದ್ರವನ್ನು ಆರಿಸಲಾಯಿತು. ಸುಮಾ ಆ ತಿಂಗಳೇ ಹುದ್ದೆ ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಸ್ಟಾರ್ಟಪ್‌ನವರು ಇದ್ದಷ್ಟು ದಿನ ಪ್ರಾಮಾಣಿಕವಾಗಿ ಕೆಲಸ ಮಾಡಿದರು. ಆದರೆ ಒಂದು ಹಂಗಾಮು ಆಗುತ್ತಲೇ ಅವರಿಗೆ ಹಣ ಬರುತ್ತಿದ್ದ ಯೋಜನೆಯ ಅವಧಿ ಮುಗಿಯಿತು, ಬೇರೆ ಬೆಳೆಯ ಕಡೆ ಹೊರಟರು. ಆ್ಯಪ್ ಕೆಲವರ ಫೋನಿನಲ್ಲಿ ಈಗಲೂ ಇದೆ. ನಮ್ಮ ಉಗುರುಗಳು ಮೊದಲಿನಂತೆಯೇ ಕಪ್ಪಾದವು.

ಸ್ಟಾರ್ಟಪ್‌ನವರಿದ್ದ ಅದೇ ಹಂಗಾಮಿನಲ್ಲಿ ಸುಮಾ ಒಂದು ಮುಂಜಾನೆ ನಮ್ಮ ಮನೆಗೆ ಬಂದಳು, ಹಳೆಯ ಸೀರೆ ಉಟ್ಟು, ತಲೆಗೆ ಟವೆಲ್ ಕಟ್ಟಿಕೊಂಡು.

"ಪೂರ್ತಿ ಹಂಗಾಮು ಮಾಡ್ತೇನಿ ಅಕ್ಕ. ಎಲ್ಲಿ ತಪ್ಪಿದೆ ಅಂತ ನನಗ ತಿಳೀಬೇಕು."

"ನಿನ್ನ ಕೈಲಿ ಆಗೂದಲ್ಲ ಇದು."

"ನಿನ್ನ ಕೈಲಿ ಆಗೈತಲ್ಲ."

ಹೊಸಬರನ್ನು ಸಾಹೇಬರ ಸಾಲಿಗೆ ಬಿಡುವುದಿಲ್ಲ, ಹಿಂದಿನ ಹೊಲಕ್ಕೆ ಕಳಿಸುವುದು ನಮ್ಮ ಪದ್ಧತಿ. ನಾನು ಬೇಡವೆನ್ನುವ ಮೊದಲೇ ಅವಳು ಉಳಿದ ಹೆಂಗಸರ ಜೊತೆ ಹಳ್ಳದ ದಂಡೆಗೆ ನಡೆದಿದ್ದಳು. ವಾರ ಕಳೆಯುವಷ್ಟರಲ್ಲಿ ಅವಳ ಉಗುರು ಸೀಳಿತು. ಬಟ್ಟೆ ಸುತ್ತಿಕೊಂಡು ಮತ್ತೆ ಬಂದಳು. ನಾನು ಅವಳ ಸಾಲಿನ ಕಡೆಗೆ ಹೋಗುವುದನ್ನೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಅವಳೇ ಕರೆದಳು. ಅಂಗೈಯಲ್ಲಿ ಎರಡು ಮೊಗ್ಗು ಇಟ್ಟುಕೊಂಡಿದ್ದಳು, ಒಂದು ದಪ್ಪ, ಒಂದು ಸಣ್ಣದು. ದಪ್ಪದ್ದನ್ನು ರಸ್ತೆಯ ಬದಿಯಿಂದ ಕಿತ್ತು ತಂದಿದ್ದಳು.

"ಮಾಸ್ತರರು ಬಂದ ದಿನ, ನಾ ಫೋನಿನ್ಯಾಗಿದ್ದಾಗ, ನೀವೆಲ್ಲ ಈ ಕಡೆ ಬಂದಿದ್ದಿಲ್ಲೇನ ಅಕ್ಕ?"

"ಬಂದಿದ್ದಿಲ್ಲ."

"ಅವರು ಕೇಳಲಿಲ್ಲೇನು?"

"ಕೇಳಿದ್ರು."

"ಏನಂದಿ?"

"ಎಲ್ಲಾ ಹಿಂಗ ಅಂದೆ."

ನಾನು ಎಲ್ಲವನ್ನೂ ಹೇಳಿದೆ. ಫೋಟೋ, ಉಂಗುರ, ಬಸ್ಸಿನಲ್ಲಿ ಸೆರಗು ಸುತ್ತಿದ್ದು, ಅವಳು ಬಗ್ಗಿ ಎಳೆಗಾಯಿ ಆರಿಸುವಾಗ ನನ್ನ ಎದೆಗಿಳಿದ ತಂಪು. ಅವಳು ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ.

"ಸುಳ್ಳು ಹೇಳಿದ್ದು ತಿಳೀತು ಬಿಡು. ಹೋಳಿಗಿ ಯಾಕ ಮಾಡಿದ್ದಿ?"

ಅವಳು ಎರಡೂ ಮೊಗ್ಗುಗಳನ್ನು ಬದುವಿನ ಮೇಲಿಟ್ಟು, ಟವೆಲ್ ಬಿಗಿಮಾಡಿಕೊಂಡು ಮತ್ತೆ ಸಾಲಿಗೆ ಇಳಿದಳು. ಹಂಗಾಮು ಮುಗಿಯುವವರೆಗೂ ಬಂದಳು. ನಮ್ಮ ಮನೆಯಲ್ಲಿ ಮಾತ್ರ ಊಟಕ್ಕೆ ಕೂರಲಿಲ್ಲ, ಬುತ್ತಿ ತರುತ್ತಿದ್ದಳು.

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ನಡೆದದ್ದನ್ನು ಹೇಳಿದೆ. ಕೆಲವರಿಗೆ ಇದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. ಬಂದವರಿಗೆ ಒಳ್ಳೆಯದನ್ನು ತೋರಿಸದೆ ಕೆಟ್ಟದ್ದನ್ನು ತೋರಿಸುತ್ತಾರೆಯೇ ಎಂದರು. ಮಾಬುಬಿ ಎದ್ದಳು.

"ಅವತ್ತು ನಾನೂ ಜತೀಗಿದ್ದೆ. ಕೌದಿ ಮಾತಿಗೆ ನಕ್ಕೆ. ನನ್ನ ಪಾಲಿಂದೂ ಬರಕೊಳ್ರಿ."

ಹೊಲದ ಪರೀಕ್ಷೆಯ ಹೊಣೆಯನ್ನು ನನ್ನಿಂದ ತೆಗೆದರು. ತೆಗೆಯಬೇಕಾದದ್ದೇ. ಮೇಸ್ತ್ರಿ ಕೆಲಸ ಉಳಿಯಿತು. ಸಾಂಗ್ಲಿಯವರನ್ನು ಮತ್ತೆ ಕರೆಯುವುದೆಂದು ಸಭೆ ನಿಶ್ಚಯಿಸಿತು. ಭೋಸಲೆ ಮಾಸ್ತರರಿಗೆ ಫೋನು ಮಾಡುವ ಕೆಲಸವನ್ನು ನಾನೇ ಕೇಳಿ ಪಡೆದೆ. ಎಲ್ಲ ಕೇಳಿ ಅವರು ಮೊಗ್ಗು ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರು.

ಕಳೆದ ಹಂಗಾಮಿನಲ್ಲಿ ಅವರು ಬಂದರು. ಸುಮಾಳೂ ಬಂದಳು, ಒಕ್ಕೂಟ ಅವಳನ್ನು ಈ ಕೆಲಸದ ಮಟ್ಟಿಗೆ ಮತ್ತೆ ಕರೆದಿತ್ತು. ಅಡುಗೆ ದಿನದಂಥದೇ, ರೊಟ್ಟಿ ಮತ್ತು ಪುಂಡಿಪಲ್ಲೆ. ಸಾಹೇಬರ ಸಾಲಿನ ಮುಂದೆ ನಿಲ್ಲದೆ ನೇರ ಹಳ್ಳದ ದಂಡೆಗೆ ನಡೆದೆವು. ಮಾಸ್ತರರು ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತರು. ಕ್ಯಾಲಿಪರ್ ತೆಗೆಯುವ ಮೊದಲು ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದೆ ಸುರಿದರು. ಮುರಿದ ಉಂಗುರ, ಸೊಟ್ಟ ಅಲಗು, ತೊಟ್ಟರೆ ಚುಚ್ಚುವಂಥವು, ನಮಗೆ ಅವರು ಎಂದೂ ತೋರಿಸದೆ ಇದ್ದಂಥವು.

"ಇದು ನಮ್ಮ ಹಿಂದಿನ ಹೊಲಾ, ಅಕ್ಕಾ," ಎಂದರು.

ಪಾಲುದಾರರನ್ನು ಆರಿಸುವುದು ಹೇಗೆಂದು ಈಗ ಯಾರಾದರೂ ಕೇಳಿದರೆ ನಾನು ಆ ಡಬ್ಬಿಯನ್ನು ನೆನೆಯುತ್ತೇನೆ. ದೊಡ್ಡ ಹೆಸರು, ದೊಡ್ಡ ಕಟ್ಟಡ, ಚೆಂದದ ಮಾತು ಇವೆಲ್ಲ ಸಾಹೇಬರ ಸಾಲು. ನಮ್ಮ ಹಳ್ಳದ ದಂಡೆಯನ್ನು ಯಾರಿಗೆ ತೋರಿಸಬಲ್ಲೆವೋ, ತಮ್ಮ ಡಬ್ಬಿಯನ್ನು ಯಾರು ನಮ್ಮ ಮುಂದೆ ಸುರಿಯಬಲ್ಲರೋ, ಅವರ ಜೊತೆ ಕೂಡಬೇಕು. ಒಡಹುಟ್ಟಿದವರ ನಡುವೆಯೂ ಇದು ಬೇಕಿತ್ತು. ಅದು ನನಗೆ ತಡವಾಗಿ ತಿಳಿಯಿತು. ಹೊಸ ಉಂಗುರದ ಅಲಗನ್ನು ಮೊಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಸರಿಸಬಹುದಂತೆ. ಈ ಹಂಗಾಮಿಗೆ ಪರೀಕ್ಷೆ. ಅದು ಒಗ್ಗುತ್ತದೋ ಇಲ್ಲವೋ ಹೇಳುವವಳು ನಾನಲ್ಲ.

ಆ ದಿನ ಮೊಗ್ಗಿನ ಅಳತೆ ಮುಗಿದ ಮೇಲೆ ಮಾಸ್ತರರು ನನ್ನ ಹೆಬ್ಬೆರಳನ್ನೂ ಹೊಸದಾಗಿ ಅಳೆಯಬೇಕೆಂದರು. ಸೊಟ್ಟಗಾದ ಬೆರಳು ಕ್ಯಾಲಿಪರಿನಲ್ಲಿ ನಿಲ್ಲದೆ ಜಾರುತ್ತಿತ್ತು. ಬದುವಿನ ಮೇಲೆ ದೂರ ನಿಂತಿದ್ದ ಸುಮಾ ಇಳಿದು ಬಂದು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಸೀಳಿದ್ದ ಅವಳ ಹೆಬ್ಬೆರಳ ಉಗುರು ಇನ್ನೂ ನೆಟ್ಟಗೆ ಬೆಳೆದಿರಲಿಲ್ಲ.

"ನೆಟ್ಟಗ ಹಿಡಿ ಅಕ್ಕ. ಈ ಸಲಾನೂ ಸುಳ್ಳು ಅಳತಿ ಕೊಟ್ಟೀ ಮತ್ತ."

ನಾನು ನೆಟ್ಟಗೆ ಹಿಡಿದೆ.